ಸೋಸಿದ ನೀರಿನ ಕಡಾಯಿ

೧೯೮೧ರಲ್ಲಿ ನಾನು ಶಾಲೆ ಬಿಟ್ಟೆ. ಎಂಟನೆಯ ಇಯತ್ತೆ. ದಸರೆ ಸೂಟಿ ಮುಗಿದ ಮೇಲೆ ಹೋಗಲಿಲ್ಲ, ಅಷ್ಟೇ. ಯಾರೂ ಬಿಡಿಸಲಿಲ್ಲ, ಯಾರೂ ತಡೆಯಲೂ ಇಲ್ಲ. ಗಣಿತದ ಮಾಸ್ತರರ ಸೈಕಲ್ಲಿನ ಚೈನು ವಾರಕ್ಕೊಮ್ಮೆ ಕಳಚುತ್ತಿತ್ತು, ಅದನ್ನು ನಾನೇ ಕೂರಿಸಿಕೊಡುತ್ತಿದ್ದೆ. ಒಂದು ದಿನ ಅವರು ನನ್ನ ಉತ್ತರಪತ್ರಿಕೆಯನ್ನೂ ತಮ್ಮ ಸೈಕಲ್ಲನ್ನೂ ಒಂದಾದ ಮೇಲೊಂದು ನೋಡಿ, "ಕೈಯಾಗಿನ ಬುದ್ಧಿ ತಲಿಗೆ ಏರಿಲ್ಲಲೇ ನಿಂದು" ಅಂದರು. ನಾನದನ್ನು ಹೊಗಳಿಕೆ ಎಂದುಕೊಂಡೆ. ಈಗಲೂ ಹಾಗೆಯೇ ಅಂದುಕೊಂಡಿದ್ದೇನೆ.

ಗೋಕಾಕದ ಒಂದು ಲೇಥ್ ಶೆಡ್ಡಿನಲ್ಲಿ ಹದಿನಾಲ್ಕು ವರ್ಷ ದುಡಿದೆ. ಬೇರಿಂಗ್ ಹೋಗಿದೆಯೋ ಬೆಲ್ಟ್ ಸಡಿಲಾಗಿದೆಯೋ ಎಂಬುದನ್ನು ಗಿರಣಿಯ ಬಾಗಿಲ ಹೊರಗೆ ನಿಂತೇ ಹೇಳುತ್ತಿದ್ದೆ. ಹೇಳಿದ್ದು ತಪ್ಪಿದ್ದು ಎರಡು ಸಲ. ಎರಡೂ ಸಲ ಮಳೆ ಜೋರಾಗಿತ್ತು, ಸರಿಯಾಗಿ ಕೇಳಿಸಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನಮ್ಮ ಕಡೆಗೆ ಒಂದು ಯೋಜನೆ ಬಂತು. ತಿನ್ನುವ ಪದಾರ್ಥ ಮಾಡುವ ಸಣ್ಣ ಕಾರಖಾನೆಗಳಿಗೆ ಹೊಸ ಯಂತ್ರ ಮುಟ್ಟಿಸಬೇಕು, ಮುಟ್ಟಿಸಿ ಬಿಟ್ಟರೆ ಸಾಲದು, ಅದು ನಡೆಯುವಂತೆ ನೋಡಿಕೊಳ್ಳಬೇಕು ಎಂದು. ಗೋಕಾಕದಲ್ಲಿ ಕರದಂಟು, ಮೂಡಲಗಿಯಲ್ಲಿ ಖಾರದ ಪುಡಿ ಮತ್ತು ಚಟ್ನಿ, ಹುಕ್ಕೇರಿ ಕಡೆಗೆ ಬೆಲ್ಲ. ಯೋಜನೆಯ ಸಾಹೇಬರು ದೂರದ ಊರಿನವರು. ಅವರಿಗೆ ಯಂತ್ರದ ಬಗ್ಗೆ ಎಲ್ಲ ಗೊತ್ತಿತ್ತು, ಆದರೆ ಯಾರ ಮನೆಯ ಹಿತ್ತಲಿಗೂ ದಾರಿ ಗೊತ್ತಿರಲಿಲ್ಲ. ನನಗೆ ಎಲ್ಲ ಹಿತ್ತಲುಗಳೂ ಗೊತ್ತಿದ್ದವು. ಹಾಗಾಗಿ ನನ್ನನ್ನು ತೆಗೆದುಕೊಂಡರು. ಹುದ್ದೆಯ ಹೆಸರು ಕ್ಷೇತ್ರ ಸಹಾಯಕ. ನಾನು ಮೊದಲ ಬಾರಿಗೆ ಅಂಗಿಯ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡೆ. ಒಂದು ತಿಂಗಳಲ್ಲಿ ಅದರ ಜಾಗಕ್ಕೆ ಸ್ಕ್ರೂಡ್ರೈವರ್ ಬಂತು.

ಕೆಲಸ ಶುರುವಾದ ಮೇಲೆ ನನಗೆ ತಿಳಿದದ್ದು ಇಷ್ಟು: ನಮ್ಮ ಜನ ಯಂತ್ರವನ್ನು ಬೇಡ ಅನ್ನುವುದಿಲ್ಲ. ಬಹಳ ಪ್ರೀತಿಯಿಂದ ತಂದು, ಕುಂಕುಮ ಹಚ್ಚಿ, ಕಾಯಿ ಒಡೆದು, ನಂತರ ಅದರ ಪಾಡಿಗೆ ಅದನ್ನು ಬಿಡುತ್ತಾರೆ. ತುಕ್ಕಾನಟ್ಟಿಯಲ್ಲಿ ರೊಟ್ಟಿ ಮಾಡುವ ಹೆಣ್ಣುಮಕ್ಕಳ ಗುಂಪಿಗೆ ಒಂದು ರೊಟ್ಟಿ ಮಶೀನು ಕೊಟ್ಟೆವು. ಎರಡು ವಾರ ಬಿಟ್ಟು ಹೋದರೆ ಅದರ ಮೇಲೆ ಜೋಳದ ಚೀಲಗಳು ನೀಟಾಗಿ ಕೂತಿದ್ದವು. "ಇಲಿ ಏರೂದಿಲ್ರಿ ಇದರ ಮ್ಯಾಲ, ಭಾಳ ಛಲೋ ಮಶೀನ್ ಕೊಟ್ಟೀರಿ" ಎಂದು ಅವರು ನನಗೆ ಚಹ ಕೊಟ್ಟರು. ಹುಕ್ಕೇರಿಯ ಬೆಲ್ಲದವರೊಬ್ಬರಿಗೆ ಪಾಕದ ಬಿಸಿ ಅಳೆಯುವ ಮೀಟರು ಹಾಕಿಸಿದ್ದೆ. ಅವರು ಎಂದಿನಂತೆ ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ಕಡಾಯಿ ಇಳಿಸಿದ ಮೇಲೆ ಮೀಟರು ನೋಡುತ್ತಿದ್ದರು. ಯಾಕೆಂದು ಕೇಳಿದೆ. "ಮೀಟರ್ ಸರಿ ಐತೋ ಇಲ್ಲೋ ನೋಡಬೇಕಲ್ರಿ. ಇವತ್ತ ಸರಿ ಹೇಳೈತಿ" ಅಂದರು.

ನನ್ನ ವರದಿಗಳಲ್ಲಿ ಇವೆಲ್ಲ 'ಯಂತ್ರ ಬಳಕೆಯಲ್ಲಿದೆ' ಎಂದೇ ಹೋದವು. ಸುಳ್ಳೇನೂ ಅಲ್ಲವಲ್ಲ.

ಇದೆಲ್ಲಕ್ಕೆ ಕಾರಣ ಒಂದೇ ಎಂದು ನಾನು ಲೆಕ್ಕ ಹಾಕಿದೆ. ಎಲ್ಲರೂ ಒಂದು ಮನೆಯತ್ತ ನೋಡುತ್ತಿದ್ದರು. ಗೋಕಾಕದ ಆ ಜೈನರ ಮನೆಯಲ್ಲಿ ಮೂರು ತಲೆಮಾರಿನಿಂದ ಕರದಂಟು ಮಾಡುತ್ತಿದ್ದರು. ಮನೆಯ ಯಜಮಾನರು ಪ್ಯಾಟಿಯಲ್ಲಿ ಅಂಗಡಿ ನೋಡಿಕೊಳ್ಳುತ್ತಿದ್ದರು, ಆದರೆ ಹಿತ್ತಲಿನ ಕಾರಖಾನೆ ಅವರ ತಾಯಿಯದು. ಎಪ್ಪತ್ತು ದಾಟಿದ, ಬಿಳಿ ಸೀರೆಯ, ಮಾತು ಕಡಿಮೆಯ ಹಿರಿಯರು. ಮನೆಯವರು ಮರಾಠಿಯೂ ಆಡುವವರಾದ್ದರಿಂದ ಎಲ್ಲರೂ ಅವರನ್ನು ಆಯಿ ಎನ್ನುತ್ತಿದ್ದರು. ಕಟ್ಟಿಗೆಯ ಭಟ್ಟಿಯ ಮುಂದೆ ನಾಲ್ವರು ಹೆಣ್ಣಾಳುಗಳ ಜೊತೆ ತಾವೇ ನಿಂತು ಬೆಲ್ಲದ ಪಾಕ ತೆಗೆಯುತ್ತಿದ್ದರು. ನಾನು ಎಲ್ಲಿಗೆ ಹೋಗಿ ಯಂತ್ರದ ಮಾತು ತೆಗೆದರೂ ಉತ್ತರ ಒಂದೇ: "ಆಯಿ ಮನಿಯಾಗ ನಡದ್ರ ನಾವೂ ತಗೋತೇವಿ." ಮೂಡಲಗಿಯ ಚಟ್ನಿಯವರು, ಹುಕ್ಕೇರಿಯ ಬೆಲ್ಲದವರು ಕೂಡ ಇದನ್ನೇ ಹೇಳುತ್ತಿದ್ದರು. ಕರದಂಟಿಗೂ ಚಟ್ನಿಗೂ ಏನು ಸಂಬಂಧ ಎಂದು ಕೇಳಿದರೆ, "ಮಶೀನ್ ಮಶೀನೇ ಅಲ್ರಿ" ಎನ್ನುತ್ತಿದ್ದರು.

ಗೋಕಾಕದ ಒಂದು ಹಾಲ್‌ನಲ್ಲಿ ಮೂರು ದಿನದ ತರಬೇತಿ ಇಟ್ಟೆವು. ಉಪ್ಪಿಟ್ಟು, ಚಹ, ಎಲ್ಲರಿಗೂ ಒಂದೊಂದು ರಟ್ಟಿನ ಫೈಲು. ಸಾಹೇಬರು ಪರದೆಯ ಮೇಲೆ ಚಿತ್ರ ತೋರಿಸಿ ವಿದ್ಯುತ್ ಉಳಿತಾಯದ ಬಗ್ಗೆ ಹೇಳುವಾಗಲೇ ಕರೆಂಟ್ ಹೋಯಿತು. ಉಳಿತಾಯ ಅಲ್ಲಿಂದಲೇ ಶುರುವಾಯಿತು. ಚಿತ್ರ ಇಲ್ಲದೆ ಅವರು ಪುಸ್ತಕ ನೋಡಿ ಓದತೊಡಗಿದರು. "ಬಾಯ್ಲರಿಗೆ ಸೋಸಿದ ನೀರನ್ನೇ ಬಿಡಬೇಕು. ಸೋಸದ ನೀರನ್ನು ಯಾವ ಕಾರಣಕ್ಕೂ ಕುದಿಸಬಾರದು." ಹಿಂದಿನ ಸಾಲಿನವರು ಫೈಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಮುಂದಿನ ಕುರ್ಚಿಯಲ್ಲಿ ಕೂತಿದ್ದ ಆಯಿ ಒಬ್ಬರೇ ತಲೆ ಆಡಿಸಿದರು. ನಾನು, ಪಾಪ ಮುದುಕಿಗೆ ತೂಕಡಿಕೆ ಬಂದಿದೆ ಎಂದುಕೊಂಡೆ.

ಮೂರನೆಯ ದಿನ ಆಯಿ ಉಗಿ ಕಡಾಯಿ ಹಾಕಿಸಲು ಒಪ್ಪಿದರು. ಹೊಗೆಗೆ ಅವರ ಕಣ್ಣು ಸೋತಿದ್ದವು. ಉಗಿ ಕಡಾಯಿ ಎಂದರೆ ಎರಡು ಪದರದ ಉಕ್ಕಿನ ಕಡಾಯಿ, ನಡುವೆ ಉಗಿ ಓಡುತ್ತದೆ, ಒಳಗೆ ಪಾಕ ತಿರುವಲು ಮೋಟಾರಿನ ಒಂದು ಉಕ್ಕಿನ ಕೈ. ಉಗಿ ಕೊಡಲು ಬಾಜೂದಲ್ಲಿ ಡೀಸೆಲ್ಲಿನ ಒಂದು ಸಣ್ಣ ಬಾಯ್ಲರ್. ಹಿತ್ತಲ ಬಾವಿಯ ನೀರು ಪಂಪಿನಿಂದ ಸಿಮೆಂಟಿನ ಹೌದಿಗೆ ಬರುತ್ತದೆ, ಹೌದಿಯಿಂದ ಇನ್ನೊಂದು ಪಂಪು ಅದನ್ನು ಬಾಯ್ಲರಿಗೆ ತಳ್ಳುತ್ತದೆ. ನೀರು ಕಡಿಮೆಯಾದರೆ ಬಾಯ್ಲರು ತಾನೇ ಸೀಟಿ ಹೊಡೆದು ಬೆಂಕಿ ಆರಿಸಿಕೊಳ್ಳುತ್ತದೆ. ಹೊಗೆ ಇಲ್ಲ, ಮಸಿ ಇಲ್ಲ, ಪಾಕ ತಳ ಹತ್ತುವುದಿಲ್ಲ.

ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು.

"ದೀಪಾವಳಿತನಕ ನೋಡತೇನಿ, ತಮ್ಮಾ. ಅಲ್ಲಿತನಕ ಸರಿ ನಡದ್ರ ಇರಲಿ. ಇಲ್ಲಂದ್ರ ನಿನ್ನ ಕಡಾಯಿ ನೀ ಒಯ್ಯಿ. ಭಟ್ಟಿ ನಾ ಕೆಡವೂದಿಲ್ಲ."

"ಭಟ್ಟಿ ನೀವs ಕೆಡವಸ್ತೀರಿ ನೋಡ್ರಿ ಆಯಿ, ನಾ ಹೇಳತೇನಿ" ಅಂದೆ. ಊರೆಲ್ಲ ಕೇಳುವಂತೆ ಹೇಳಿದೆ. ಈ ಕಡಾಯಿ ವಾಪಸು ಹೋದರೆ ಮೂರೂ ಊರುಗಳಲ್ಲಿ ನನಗೆ ಹಿತ್ತಲ ಬಾಗಿಲು ತೆರೆಯುವವರು ಇರುವುದಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೇ ಇನ್ನಷ್ಟು ಜೋರಾಗಿ ಹೇಳಿದೆ.

ಇಲ್ಲಿ ನಾನು ಮಾಡಿದ ಒಂದು ಕೆಲಸ ಬರೆಯಲೇಬೇಕು. ಕಂಪನಿ ಕಳಿಸಿದ ಸಾಮಾನಿನ ಯಾದಿಯಲ್ಲಿ ನೀರು ಸೋಸುವ ಒಂದು ದೊಡ್ಡ ಜಾಲರಿ ಇತ್ತು. ನಾನು ಅದರ ಮೇಲೆ ಗೀಟು ಎಳೆದೆ. "ಘಟಪ್ರಭೆಯ ಸೀಮೆಯ ಬಾವಿ ನೀರು, ಇದಕ್ಕ ಜಾಲರಿ ಯಾಕ್ರಿ" ಎಂದು ಯಜಮಾನರಿಗೆ ಹೇಳಿದೆ. ಪುಸ್ತಕ ಬರೆದವನಿಗಿಂತ ನನಗೆ ಹೆಚ್ಚು ತಿಳಿಯುತ್ತದೆ ಎಂದು ತೋರಿಸಲು ನನಗೆ ಅಂದು ಅದಕ್ಕಿಂತ ಒಳ್ಳೆಯ ಅವಕಾಶ ಸಿಕ್ಕಿರಲಿಲ್ಲ.

ಶ್ರಾವಣದಲ್ಲಿ ಕಡಾಯಿ ಕೂಡಿಸಿದೆ. ಮೊದಲ ದಿನ ಅರ್ಧ ತಾಸಿನಲ್ಲಿ ಪಾಕ ಬಂತು. ಹೆಣ್ಣಾಳುಗಳು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ಮರೆತು ನಿಂತರು, ಒರೆಸಿಕೊಳ್ಳಲು ಕಣ್ಣಲ್ಲಿ ನೀರೇ ಬಂದಿರಲಿಲ್ಲ. ಆಯಿ ಏನೂ ಅನ್ನಲಿಲ್ಲ. ಮಾತಿಲ್ಲದ್ದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಮೂರನೆಯ ದಿನ ಸೀಟಿ ಹೊಡೆಯಿತು. ಕಡಾಯಿಯಲ್ಲಿ ಪಾಕ ಅರ್ಧ ಬಂದಿತ್ತು, ಬೆಂಕಿ ಆರಿತು, ಬೆಲ್ಲ ಬಿಗಿಯಾಗಿ ತಿರುವುವ ಕೈ ಅದರೊಳಗೆ ಹೂತು ನಿಂತಿತು. ಹೆಣ್ಣಾಳುಗಳು ಬಿಸಿ ಬೆಲ್ಲವನ್ನು ಸೌಟಿನಿಂದ ಕಿತ್ತು ಕಿತ್ತು ಹಳೆಯ ಭಟ್ಟಿಗೆ ಸಾಗಿಸಿದರು. ನಾನು ಮೂಡಲಗಿಯಲ್ಲಿದ್ದೆ. ಸುದ್ದಿ ತಿಳಿದು ಸಂಜೆ ಬಸ್ಸಿಗೆ ಬಂದು, ಬಾಯ್ಲರ್ ಹಚ್ಚಿದೆ. ಸೀಟಿ ಇಲ್ಲ, ಏನೂ ಇಲ್ಲ. ಪಂಪು ಬಿಚ್ಚಿ ನೋಡಿದೆ, ಸ್ವಚ್ಛ. ಪೈಪು ನೋಡಿದೆ, ಸ್ವಚ್ಛ.

ಎರಡು ದಿನ ಬಿಟ್ಟು ಮತ್ತೆ ಸೀಟಿ. ನಂತರ ದಿನಾ ಸೀಟಿ. ನಾನು ಸಂಜೆ ಬಂದರೆ ಬಾಯ್ಲರು ಹಸುವಿನಂತೆ ಸುಮ್ಮನಿರುತ್ತಿತ್ತು.

ಹೆಣ್ಣಾಳುಗಳಲ್ಲಿ ಒಬ್ಬಾಕೆ ಬಾಯಿಯ ಗಟ್ಟಿಗಿತ್ತಿ. "ಮಿಸ್ತ್ರಿ ಬಂದ್ರ ನೋಡ್ರೆವಾ, ಸೀಟಿ ಬಾಯಿ ಮುಚ್ಚತೈತಿ. ಇವರಿಗೆ ಮಶೀನ್ ಅಂಜತೈತೋ, ನಾಚತೈತೋ" ಎಂದು ಕರದಂಟಿಗೆ ಹಾಕುವ ಅಂಟು ಹುರಿಯುತ್ತ ಹೇಳುವಳು. ಇನ್ನೊಬ್ಬಾಕೆ, "ಹಾಂಗಂದ್ರ ಮಿಸ್ತ್ರಿಗೆ ಇಲ್ಲೇ ಒಂದು ಹಾಸಿಗಿ ಹಾಸ್ರಿ, ಆಯಿ" ಎನ್ನುವಳು. ಬಸ್‌ಸ್ಟ್ಯಾಂಡಿನ ಚಹದ ಅಂಗಡಿಯಲ್ಲಿ ಕುಕ್ಕರಿನ ಲೆಕ್ಕದಲ್ಲಿ ವಿಚಾರಿಸತೊಡಗಿದರು: "ಇವತ್ತ ಎಷ್ಟ ಸೀಟಿಗೆ ಇಳಿಸಿದ್ರಿ, ಮಿಸ್ತ್ರಿ?"

ನಾನು ಪಂಪು ಬದಲಿಸಿದೆ. ವಾಲ್ವು ಬದಲಿಸಿದೆ. ಸೀಟಿಯನ್ನೂ ಬದಲಿಸಿದೆ, ಹೊಸದು ಇನ್ನೂ ಜೋರಾಗಿ ಕೂಗಿತು. ಪ್ರತಿ ಸಂಜೆ ಹಿತ್ತಲಿನ ತಂತಿಯ ಮೇಲೆ ಒಂದು ಒದ್ದೆ ಬಿಳಿ ಅರಿವೆ ಒಣಗುತ್ತಿತ್ತು. ಒಂದು ದಿನ ಗ್ರೀಸು ಹತ್ತಿದ ಕೈಯನ್ನು ಅದಕ್ಕೇ ಒರೆಸಿಕೊಂಡೆ. ಆಯಿ ನೋಡಿದರು, ಒಳಗೆ ಹೋಗಿ ಹೊಸ ಧೋತರದಿಂದ ಇನ್ನೊಂದು ತುಂಡು ಹರಿದುಕೊಂಡು ಬಂದರು. ಜೈನರ ಮನೆಯಲ್ಲಿ ನೀರು ಸೋಸುವ ಅರಿವೆ ಇರುವುದು ನನಗೇನೂ ಹೊಸದಲ್ಲ. ಹೊಸದಲ್ಲದ್ದರಿಂದಲೇ ಅದು ಕಾಣಲಿಲ್ಲ.

ಕಂಪನಿಗೆ ಖಾರವಾಗಿ ಕಾಗದ ಬರೆಸಿದೆ. ಅವರ ಇಂಜಿನಿಯರು ಬಂದರು. ಅಂದು ಚತುರ್ದಶಿ. ಆ ತಿಥಿಗೆ ಆಯಿಗೆ ಉಪವಾಸ, ಕಾರಖಾನೆಗೆ ರಜೆ, ಅವರು ಬೆಳಿಗ್ಗೆಯೇ ಬಸದಿಗೆ ಹೋದವರು. ಇಂಜಿನಿಯರು ಕಡಾಯಿಯಲ್ಲಿ ಬರೇ ನೀರು ಹಾಕಿ ಬೆಳಗಿನಿಂದ ಸಂಜೆಯ ತನಕ ಬಾಯ್ಲರ್ ಓಡಿಸಿದರು. ಒಂದು ಸಲವೂ ಸೀಟಿ ಹೊಡೆಯಲಿಲ್ಲ. 'ಯಂತ್ರದಲ್ಲಿ ದೋಷವಿಲ್ಲ. ನಡೆಸುವವರಿಗೆ ತರಬೇತಿಯ ಅಗತ್ಯವಿದೆ' ಎಂದು ಬರೆದರು. ಕೆಳಗೆ ನನ್ನ ಸಹಿ ಬೇಕಿತ್ತು. ತರಬೇತಿ ಕೊಟ್ಟವನೂ ನಾನೇ ಆದ್ದರಿಂದ ಸಹಿ ಮಾಡುವಾಗ ಕೈ ಸ್ವಲ್ಪ ತಡವಾಯಿತು.

ಆ ವಾರ ಯಜಮಾನರು ಅಂಗಡಿಗೆ ಕರೆದು ಕೂಡಿಸಿದರು. ಒಳ್ಳೆಯ ಮನುಷ್ಯ, ಜೋರು ಮಾತು ಅವರಿಗೆ ಬಾರದು.

"ಮಿಸ್ತ್ರಿ, ದೀಪಾವಳಿ ಮಾಲು ಭಟ್ಟಿಮ್ಯಾಗ ಮಾಡೂಣಂತ ಅಂತಾಳ ಆಯಿ. ನಾ ಏನ್ ಹೇಳ್ಲಿ?"

"ಹಬ್ಬ ಇನ್ನೂ ದೂರ ಐತಲ್ರಿ, ಧಣ್ಯಾರ."

"ಹನ್ನೆರಡ ದಿನ ಐತಿ. ಅಷ್ಟರಾಗ ನಿಮ್ಮ ಸೀಟಿ ನಿಂತ್ರ ನನಗೂ ಖುಷಿ. ನಿಲ್ಲಲಿಲ್ಲಂದ್ರ ಕಡಾಯಿ ಎತ್ತಸ್ರಿ. ಬೇಜಾರ ಮಾಡ್ಕೋಬ್ಯಾಡ್ರಿ."

ಬೇಜಾರು ಮಾಡಿಕೊಳ್ಳಲಿಲ್ಲ ಎಂದು ಹೇಳಿ ಎದ್ದು ಬಂದೆ. ಅಂದು ಊಟ ಸೇರಲಿಲ್ಲ. ನನ್ನ ಹೆಂಡತಿ, "ಮಶೀನಿಗೆ ಸೀಟಿ, ನಿಮಗ ಉಪಾಸ" ಅಂದಳು.

ಮರುದಿನ ದಡ್ಡಿಗೆ ಹೋಗಬೇಕಿತ್ತು, ಅಲ್ಲಿಯ ಬೆಲ್ಲದವರೊಬ್ಬರ ಮೋಟಾರು ನೋಡಲು. ಬಸ್ಸು ಊರು ದಾಟುವ ಮೊದಲೇ ಕೆಟ್ಟು ನಿಂತಿತು. ಡ್ರೈವರನಿಗೆ ಏನು ಕೆಟ್ಟಿದೆ ಎಂದು ಹೊರಗೆ ನಿಂತೇ ಹೇಳಿದೆ, ಅವನಿಗೆ ಅದು ಸೇರಲಿಲ್ಲ. ನಡೆದು ವಾಪಸು ಬಂದೆ. ಬೆಳಗಿನ ಎಂಟು ಗಂಟೆ. ಆ ಹೊತ್ತಿನಲ್ಲಿ ನಾನು ಆ ಹಿತ್ತಲಿಗೆ ಹಿಂದೆಂದೂ ಕಾಲಿಟ್ಟಿರಲಿಲ್ಲ.

ಆಯಿ ಹೌದಿಯ ಮೇಲೆ ಬಾಗಿದ್ದರು. ಬಾಯ್ಲರಿಗೆ ನೀರು ಎಳೆಯುವ ಪೈಪನ್ನು ಮೇಲೆತ್ತಿ ಹಿಡಿದು, ಅದರ ಬಾಯಿಗೆ ಬಿಳಿ ಅರಿವೆಯನ್ನು ಮಡಚಿ ಮಡಚಿ ಸುತ್ತಿ, ಸುತಳಿಯಿಂದ ಬಿಗಿಯುತ್ತಿದ್ದರು. ಗಂಟು ಎಷ್ಟು ಗಟ್ಟಿಯಾಗಿತ್ತೆಂದರೆ ನನ್ನ ಶೆಡ್ಡಿನ ಯಾರೂ ಹಾಗೆ ಬಿಗಿಯಲಾರರು.

"ಆಯಿ, ಏನ್ ಮಾಡಾಕತ್ತೀರಿ?"

"ಕಾಣಸೂದಿಲ್ಲೇನು? ಅರಿವಿ ಕಟ್ಟಾಕತ್ತೇನಿ."

"ಎಂದಿನಿಂದ ಕಟ್ಟಾಕತ್ತೀರಿ?"

"ಕಡಾಯಿ ಬಂದ ಮೂರನೇ ದಿನದಿಂದ. ಮೊದಲ ಎರಡ ದಿನ ಕೊಡದಾಗ ಸೋಸಿ ಸೋಸಿ ಹೌದಿಗೆ ಹಾಕಿದೆ, ರಟ್ಟಿ ನೋಯಾಕತ್ತಿದವು. ಅದಕ್ಕ ಇಲ್ಲೇ ಕಟ್ಟಿದೆ. ಎರಡ ಪದರ ಕಟ್ಟತಿದ್ದೆ. ಅದು ಸೀಟಿ ಹೊಡ್ಯಾಕತ್ತಿತು. ನೀರ ಇನ್ನೂ ಹೊಲಸ ಇದ್ದೀತು, ಅದಕ್ಕs ಒದರತೈತಿ ಅಂತ ನಾಕ ಪದರ ಮಾಡಿದೆ."

"ನಾಕ ಮಾಡಿದಮ್ಯಾಲ?"

"ಮತ್ತಷ್ಟ ಒದರಿತು. ಈಗ ಎಂಟ ಐತಿ."

ನಾನು ಹೌದಿಯ ಕಟ್ಟೆಯ ಮೇಲೆ ಕೂತೆ. ಎಂಟು ಪದರದ ಧೋತರ. ಎಂಥ ಪಂಪು ತಾನೇ ಎಳೆದೀತು. ಸಂಜೆ ಸೂರ್ಯ ಮುಳುಗುವ ಮೊದಲೇ ಕೆಲಸ ನಿಲ್ಲಿಸಿ ಅರಿವೆ ಬಿಚ್ಚಿ ತೊಳೆಯುತ್ತಿದ್ದರು, ಆ ಮೇಲೆ ನಾನು ಬರುತ್ತಿದ್ದೆ. ಇಂಜಿನಿಯರು ಬಂದ ಚತುರ್ದಶಿಯಂದು ಅರಿವೆ ಕಟ್ಟಿಯೇ ಇರಲಿಲ್ಲ.

"ನನಗೊಂದ ಮಾತ ಹೇಳಬಾರದೇನ್ರಿ, ಆಯಿ?"

"ನೀ ಕೇಳಿದೇನು? ದಿನಾ ಬಂದು ಮಶೀನಿಗೆ ಕಿವಿ ಹಚ್ಚಿ ಕೇಳಿದಿ. ನನ್ನ ಕೇಳಲಿಲ್ಲ."

ಅಂಟು ಹುರಿಯುವಾಕೆ ಒಳಗಿನಿಂದ, "ನಿಮಗ ಗೊತ್ತಿರಬೇಕು ಅಂದ್ಕೊಂಡ್ವಿರಿ ನಾವು. ಆ ಅರಿವಿಗೇ ಕೈ ಒರಸಿದ್ರಲ್ಲ" ಅಂದಳು.

ನಾನು ಎದ್ದು ಅರಿವೆಗೆ ಕೈ ಹಾಕಿದೆ. "ಇದನ್ನ ತಗದ ಬಿಡ್ರಿ. ಇವತ್ತಿಂದ ಸೀಟಿ ಬಂದ್ರ ನಾ ಮೀಶಿ ಬೋಳಸ್ತೇನಿ."

ಆಯಿ ನನ್ನ ಕೈ ಹಿಡಿದು ಬದಿಗೆ ಸರಿಸಿದರು. ಸಿಟ್ಟು ಇರಲಿಲ್ಲ.

"ಸೋಸಲಾರದ ನೀರು ಕುದಿಸೂದಂದ್ರ ಅದರಾಗಿನ ಜೀವ ಕುದಿಸಿದಂಗ. ನನ್ನ ಅತ್ತಿ ಕುದಿಸಿಲ್ಲ, ನಾ ಕುದಿಸಿಲ್ಲ. ನಿಮ್ಮ ಸಾಹೇಬ್ರೂ ಅದನ್ನs ಹೇಳಿದ್ರು, ಅದಕ್ಕ ಈ ಕಡಾಯಿಗೆ ಹ್ಞೂಂ ಅಂದೆ. ಅರಿವಿ ಹೋಗೂದಾದ್ರ ಕಡಾಯಿನೂ ಹೋಗಲಿ."

ಆಗ ಜಾಲರಿಯ ಮಾತು ಹೇಳಿದೆ. ಹೇಳದೆ ಇರಬಹುದಿತ್ತು, ಯಾದಿ ನನ್ನ ಹತ್ತಿರವೇ ಇತ್ತು. "ನೀರು ಸೋಸೂ ಜಾಲರಿ ಕಂಪನ್ಯಾವರು ಕೊಡತೇವಂದಿದ್ರು. ಬ್ಯಾಡ ಅಂದಾಂವ ನಾನೆರಿ."

ಆಯಿ ಸುತಳಿಯ ಗಂಟನ್ನು ಇನ್ನೊಮ್ಮೆ ಎಳೆದು ಬಿಗಿದರು. "ಹಂಗಾದ್ರ ಮೂರ ದಿನ ಉಪ್ಪಿಟ್ಟ ತಿಂದವರಾಗ ಸಾಹೇಬ್ರ ಮಾತ ಕೇಳಿದಾಕಿ ನಾ ಒಬ್ಬಾಕಿನೇ ಏನು?" ಅಂದರು. ಅವರು ಉಪ್ಪಿಟ್ಟು ತಿಂದಿರಲಿಲ್ಲ, ಅದರಲ್ಲಿ ಉಳ್ಳಾಗಡ್ಡಿ ಇತ್ತು.

ಕಂಪನಿಯ ಜಾಲರಿ ತರಿಸಲು ತಿಂಗಳು ಬೇಕು. ತರಿಸಿದರೂ ಅದು ಉಕ್ಕಿನ ಡಬ್ಬಿಯೊಳಗಿನ ಜಾಲರಿ, ಅದರಲ್ಲಿ ಸಿಕ್ಕಿದ್ದನ್ನು ಯಾರು ಹೊರಗೆ ತೆಗೆಯುತ್ತಾರೆ, ಎಲ್ಲಿ ಬಿಡುತ್ತಾರೆ ಎಂದು ಆಯಿ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಹನ್ನೊಂದು ದಿನ ಉಳಿದಿದ್ದವು. ಶೆಡ್ಡಿಗೆ ಹೋಗಿ ಉಕ್ಕಿನ ಒಂದು ದೊಡ್ಡ ಪೀಪಾಯಿ ಕೊಯ್ದೆ. ಅದರ ಬಾಯಿಯ ಅಳತೆಗೆ ಒಂದು ಬಳೆ ಮಾಡಿದೆ, ಬಳೆಗೆ ಎರಡು ಪದರದ ಅರಿವೆ ಬಿಗಿಯುವ ಹಾಗೆ. ಬಾವಿಯ ಪಂಪಿನ ನೀರು ಮೊದಲು ಈ ಅಗಲ ಅರಿವೆಯ ಮೇಲೆ ನಿಧಾನ ಬೀಳಬೇಕು, ಸೋಸಿ ಹೌದಿಗೆ ಇಳಿಯಬೇಕು, ಆಮೇಲೆ ಬಾಯ್ಲರಿಗೆ ಹೋಗಬೇಕು. ಪೈಪಿನ ಬಾಯಿ ಮೂರು ಬೆರಳಿನಷ್ಟು, ಪೀಪಾಯಿಯ ಬಾಯಿ ಎರಡು ತೋಳಿನಷ್ಟು. ಅದೇ ಧೋತರ, ಅದೇ ನೀರು, ಉಸಿರುಗಟ್ಟುವುದಿಲ್ಲ. ಇದು ತಿಳಿಯಲು ಶಾಲೆ ಬೇಡ ಎಂದು ನಾನು ನನಗೇ ಹೇಳಿಕೊಂಡೆ. ತಿಳಿಯಲು ಮೂರು ತಿಂಗಳು ಹಿಡಿದದ್ದನ್ನು ಹೇಳಿಕೊಳ್ಳಲಿಲ್ಲ.

ಆಯಿ ಬಂದು ಸುತ್ತ ತಿರುಗಿ ನೋಡಿದರು. "ಛಲೋ ಐತಿ. ಅರಿವ್ಯಾಗ ಉಳದ ಜೀವ?"

ಅದುವರೆಗೆ ಅವರು ಸಂಜೆ ಅರಿವೆಯನ್ನು ತಿರುವಿ ಹಿಡಿದು, ಸೋಸಿದ ನೀರಿನಿಂದ ಜಾಲಿಸಿ, ಆ ನೀರನ್ನು ಒಂದು ಸಣ್ಣ ಕೊಡದಲ್ಲಿ ಬಾವಿಗೆ ಇಳಿಸುತ್ತಿದ್ದರು. ಕೊಡದ ತಳಕ್ಕೂ ಹಗ್ಗ ಕಟ್ಟಲು ಉಂಗುರದಂಥ ಒಂದು ಕಡಿ ಇತ್ತು, ನೀರು ಮುಟ್ಟಿದ ಮೇಲೆ ಹಗ್ಗ ಎಳೆದರೆ ಕೊಡ ಅಲ್ಲೇ ಮಗುಚುತ್ತಿತ್ತು. ಬಂದ ಬಾವಿಗೇ ಹೋಗಬೇಕು ಎಂಬುದು ಪದ್ಧತಿ. ಪೀಪಾಯಿಯಷ್ಟು ಅಗಲದ ಬಳೆಯನ್ನು ತೊಳೆದ ನೀರು ಆ ಕೊಡದಲ್ಲಿ ಹಿಡಿಯುವುದಿಲ್ಲ. ನಾನು ಒಂದು ತಗಡಿನ ಲಾಳಿಕೆ ಮಾಡಿ, ಪೈಪು ಹಚ್ಚಿ, ಬಾವಿಯ ಕಟ್ಟೆಯ ಮೇಲಿಂದ ಒಳಗೆ ಬಿಟ್ಟೆ. ಮೇಲಿಂದ ನೀರು ಹೊಯ್ದೆ, ಕೆಳಗೆ ಧಬಧಬ ಬಿತ್ತು.

"ಇಷ್ಟ ಎತ್ತರದಿಂದ ನಿನ್ನ ಒಗದ್ರ ನೀ ಉಳೀತಿ ಏನು?" ಅಂದರು ಆಯಿ.

ಪೈಪನ್ನು ನೀರಿನ ತನಕ ಉದ್ದ ಮಾಡಿದೆ.

"ಬ್ಯಾಸಗ್ಯಾಗ ನೀರ ಕೆಳಗ ಹೋಗತೈತಲ್ಲ?"

ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅವರು ಕೇಳಿದ್ದಕ್ಕಲ್ಲ, ಆ ಪ್ರಶ್ನೆ ನನಗೆ ಹೊಳೆಯಬೇಕಿತ್ತು ಎಂಬುದಕ್ಕೆ. ಪೈಪು ತೆಗೆದು ರಬ್ಬರಿನ ನಳಿಗೆ ಹಾಕಿದೆ. ತುದಿಗೆ ಬಾಯಿ ಬೆಸೆದ ಎರಡು ಖಾಲಿ ಎಣ್ಣೆ ಡಬ್ಬಿ ಕಟ್ಟಿದೆ. ಡಬ್ಬಿಗಳು ನೀರಿನ ಮೇಲೆ ತೇಲುತ್ತವೆ, ನೀರು ಇಳಿದರೆ ನಳಿಗೆಯೂ ಇಳಿಯುತ್ತದೆ, ಏರಿದರೆ ಏರುತ್ತದೆ. ಎಲ್ಲ ಕಾಲದಲ್ಲೂ ಅದರ ಬಾಯಿ ನೀರನ್ನು ಮುಟ್ಟಿಯೇ ಇರುತ್ತದೆ. ಆಯಿ ಬಾವಿಯೊಳಗೆ ಬಗ್ಗಿ ಬಹಳ ಹೊತ್ತು ನೋಡಿದರು. ಲಾಳಿಕೆಗೆ ತಾವೇ ನೀರು ಬಿಟ್ಟರು. ಸಪ್ಪಳ ಬರಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ನಾಜೂಕಾದ ಕೆಲಸ ಇನ್ನೊಂದು ಮಾಡಿಲ್ಲ, ಅದೂ ಕಣ್ಣಿಗೆ ಕಾಣದ ಗಿರಾಕಿಗಳಿಗಾಗಿ.

ಬಾಯ್ಲರ್ ಹಚ್ಚಿದಾಗ ಹಬ್ಬಕ್ಕೆ ಒಂಬತ್ತು ದಿನ ಇದ್ದವು. ನಾನು ಮೂಡಲಗಿ, ಹುಕ್ಕೇರಿ ಎಲ್ಲ ಬಿಟ್ಟು ದಿನಾ ಬೆಳಿಗ್ಗೆ ಎಂಟಕ್ಕೆ ಹೋಗಿ ಹಿತ್ತಲಲ್ಲಿ ಕೂತೆ. ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಪಾಕಕ್ಕೆ ಬಿದ್ದವು, ತಿರುವುವ ಕೈ ತಿರುಗಿತು, ಪರಾತುಗಳು ತುಂಬಿದವು. ಎಲ್ಲರ ಕಿವಿ ಬಾಯ್ಲರಿನ ಕಡೆಗೆ. ಐದನೆಯ ದಿನ ಸೀಟಿ ಕೇಳಿ ನಾನು ಎದ್ದು ಓಡಿದೆ. ಬೀದಿಯಲ್ಲಿ ಕಡಲೆಕಾಯಿ ಮಾರುವವನ ಗಾಡಿಯದು. ಹೆಣ್ಣಾಳುಗಳು ಅಂದು ನಕ್ಕ ನಗೆ ದೀಪಾವಳಿಯ ತನಕ ಮುಗಿಯಲಿಲ್ಲ.

ಹಬ್ಬದ ಬೆಳಗಿನ ಜಾವ ಆಯಿಯ ಮನೆಯವರು ಬಸದಿಗೆ ಹೋಗಿ ಬಂದರು. ನಾನು ಕರೆಯದೇ ಹೋಗಿ ಹಿತ್ತಲ ಬಾಗಿಲಲ್ಲಿ ನಿಂತೆ. ಆಯಿ ಹಳೆಯ ಭಟ್ಟಿಯ ಮುಂದೆ ನಿಂತಿದ್ದರು. ಮೂರು ತಲೆಮಾರಿನ ಮಸಿ ಹಿಡಿದ ಭಟ್ಟಿ.

ಮಗನನ್ನು ಕರೆದರು. "ಆಳ ಹಚ್ಚಿ ಇದನ್ನ ಕೆಡವಸು. ಪೀಪಾಯಿ ಅರಿವಿ ಒಣಗಸಾಕ ಜಾಗಾ ಸಾಲವಲ್ದು."

ನನ್ನ ಕಡೆ ತಿರುಗಲಿಲ್ಲ. ಒಂದು ಪರಾತು ಕರದಂಟು ಮನೆಗೆ ಕಳಿಸಿದರು, ಅದನ್ನು ನಾನು ನನ್ನ ವರದಿಯಲ್ಲಿ ಬರೆಯಲಿಲ್ಲ.

ಹಬ್ಬ ಕಳೆದು ಸಾಹೇಬರು ಬಂದರು. ಪೀಪಾಯಿ, ಬಳೆ, ಅರಿವೆ, ಲಾಳಿಕೆ, ತೇಲುವ ಡಬ್ಬಿ ಎಲ್ಲದರ ಫೋಟೋ ತೆಗೆದರು. "ಇದನ್ನು ಯಾರು ಡಿಸೈನ್ ಮಾಡಿದ್ದು?" ಎಂದು ಕೇಳಿದರು.

ಆಯಿ ಹೇಳಿದರು: "ನಾ ಬೈದೆ, ಇಂವ ಮಾಡಿದ."

ವರದಿಯಲ್ಲಿ ಅದು 'ಸ್ಥಳೀಯ ಸಾಮಗ್ರಿ ಬಳಸಿದ ಬಹುಹಂತದ ಜಲಶುದ್ಧೀಕರಣ ಘಟಕ' ಎಂದಾಯಿತು, ಸಾಹೇಬರ ಮಾರ್ಗದರ್ಶನದಲ್ಲಿ. ನನ್ನನ್ನು ತರಬೇತುದಾರನನ್ನಾಗಿ ಮಾಡಬೇಕೆಂದು ಅವರು ಮನಸಾರೆ ಬರೆದರು. ಆ ಹುದ್ದೆಗೆ ಹತ್ತನೆಯ ಇಯತ್ತೆ ಪಾಸಾಗಿರಬೇಕು ಎಂದು ಮೇಲಿನಿಂದ ಉತ್ತರ ಬಂತು. ಪಾಸಾದ ಒಬ್ಬರನ್ನು ಕಳಿಸಿದರು. ಅವರಿಗೆ ಆರು ತಿಂಗಳು ನಾನು ತರಬೇತಿ ಕೊಟ್ಟೆ.

ಆದರೆ ಹಿತ್ತಲ ಬಾಗಿಲುಗಳು ತೆರೆದವು. ಆಯಿಯ ಮನೆಯಲ್ಲಿ ಭಟ್ಟಿ ಕೆಡವಿದ ಸುದ್ದಿ ನನಗಿಂತ ಮೊದಲು ಮೂಡಲಗಿ ಮುಟ್ಟಿತ್ತು. ಚಟ್ನಿಯವರು ತಾವೇ ಕರೆಸಿಕೊಂಡರು. ಅವರು ಜೈನರಲ್ಲ, ಅವರ ಮನೆಯಲ್ಲಿ ನೀರನ್ನು ಯಾರೂ ಸೋಸುವುದಿಲ್ಲ.

"ಉಗಿ ಬಾಯ್ಲರ್ ಹಾಕ್ರಿ. ಆದ್ರ ಆಯಿ ಮನಿಯಾಗ ಹ್ಯಾಂಗ ಐತಿ, ಹಂಗs ಇರಬೇಕು. ಪೀಪಾಯಿ, ಅರಿವಿ, ಆ ತೇಲೂ ಡಬ್ಬಿ, ಎಲ್ಲಾ."

"ಅರಿವಿ ಖರೆ, ನಿಮ್ಮ ನೀರಿನ್ಯಾಗ ಉಸುಕ ಐತಿ. ಡಬ್ಬಿ ಯಾಕ್ರಿ? ನಿಮ್ಮದು ಬೋರ್‌ವೆಲ್. ನಳಗಿ ಎಲ್ಲಿ ಬಿಡ್ಲಿ?"

ಅವರು ಕೈ ಬೀಸಿದರು. "ಎಲ್ಲೆರ ಬಿಡ್ರಿ. ಆದ್ರ ಇರಲಿ. ಅದs ಇಲ್ದ ನಡೀಲಿಲ್ಲಂದ್ರ ಏನ್ ಮಾಡೂದು?"

ನಾನು ವಾದಿಸಲಿಲ್ಲ. ಒಂದು ತೊಟ್ಟಿ ಕಟ್ಟಿಸಿ ಅದರಲ್ಲಿ ಎರಡು ಡಬ್ಬಿ ತೇಲಿಬಿಟ್ಟೆ. ಆ ಮಶೀನು ಒಂದು ದಿನವೂ ಕೆಟ್ಟಿಲ್ಲ, ಡಬ್ಬಿಯಿಂದಲೇ ಎಂದು ಅವರು ನಂಬಿದ್ದಾರೆ. ಹುಕ್ಕೇರಿಯವರೂ ಡಬ್ಬಿ ಕೇಳಿದರು, ಕೊಟ್ಟೆ. ನಂತರ ಯೋಜನೆ ಮುಗಿಯಿತು, ಸಾಹೇಬರಿಗೆ ವರ್ಗವಾಯಿತು, ಪಾಸಾದವರು ಬೇರೆ ನೌಕರಿ ಹಿಡಿದರು. ಜನ ಮಾತ್ರ ನನ್ನನ್ನು ಕರೆಯುವುದು ನಿಲ್ಲಿಸಲಿಲ್ಲ. ಈಗ ಯಾರ ಮನೆಗೆ ಹೋದರೂ ಯಂತ್ರ ಮುಟ್ಟುವ ಮೊದಲು ಅಲ್ಲಿಯ ಹೆಣ್ಣುಮಕ್ಕಳನ್ನು ಕರೆದು, ದಿನಾ ಬೆಳಿಗ್ಗೆ ಇದಕ್ಕೆ ಏನೇನು ಮಾಡುತ್ತೀರಿ ಎಂದು ಕೇಳುತ್ತೇನೆ. ಗಂಡಸರು ಮುಖ ಮುಖ ನೋಡಿಕೊಳ್ಳುತ್ತಾರೆ.

ಸದ್ಯ ನನ್ನ ಹತ್ತಿರ ಇರುವುದು ಇಷ್ಟು: ಗೋಕಾಕದಲ್ಲಿ ಸ್ವಂತದ ಶೆಡ್ಡು ಒಂದು, ಲೇಥ್ ಎರಡು, ವೆಲ್ಡಿಂಗ್ ಸೆಟ್ ಒಂದು, ಹಳೆಯ ಸ್ಕೂಟರ್ ಒಂದು, ಕೆಲಸಗಾರರು ನಾಲ್ವರು. ನಾನು ಕೂಡಿಸಿದ ಉಗಿ ಕಡಾಯಿ ಮತ್ತು ಬಾಯ್ಲರ್ ಗೋಕಾಕದಲ್ಲಿ ಏಳು, ಮೂಡಲಗಿಯಲ್ಲಿ ಐದು, ಹುಕ್ಕೇರಿ ಕಡೆಗೆ ನಾಲ್ಕು. ನಡೆಯುತ್ತಿರುವವು ಹದಿನಾಲ್ಕು.